ಕೊನೆಯ ಸಾಲಿನ ಕರಬೂಜ

ಶಿಗ್ಗಾಂವದ ಹೈವೇ

ಅಫ್ಘಾನಿಸ್ತಾನಕ್ಕೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ನಂಬಲಿಲ್ಲ, ಅಷ್ಟೆ. ನಮ್ಮ ಅಕ್ಕ ಅಂತೂ, "ರಾಣೆಬೆನ್ನೂರ ದಾಟಿದ್ರ ನಿನಗ ವಾಂತಿ ಆಗ್ತೈತಿ, ಅಲ್ಲಿತನಾ ಹೆಂಗ ಹೋಗ್ತೀ?" ಎಂದು ಕೇಳಿ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಪಾಸ್‌ಪೋರ್ಟ್ ತೋರಿಸಿದ ಮೇಲೆ ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಿರೇಕೆರೂರು ಕಡೆ ಹೊಲದಲ್ಲಿ ಹೈಬ್ರಿಡ್ ಬೀಜ ತೆಗೆಯುತ್ತಾರೆ. ಒಂದು ತಳಿಯ ಹೆಣ್ಣು ಹೂವಿಗೆ ಇನ್ನೊಂದು ತಳಿಯ ಗಂಡು ಹೂವಿನ ಪುಡಿಯನ್ನು ಕೈಯಿಂದ ಮುಟ್ಟಿಸಬೇಕು. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಹೆಂಗಸರು ಬೆಳಿಗ್ಗೆ ಸಾಲು ಹಿಡಿದರೆ ಬಿಸಿಲೇರುವುದರೊಳಗೆ ಮುಗಿಸಬೇಕು, ಆಮೇಲೆ ಹೂವು ಬಾಡುತ್ತದೆ. ನಾವು ಮುಟ್ಟಿಸುವ ಮೊದಲೇ ಜೇನುಹುಳ ಮುಟ್ಟಿ ಕಟ್ಟಿದ ಕಾಯಿಗೆ ಸೆಲ್ಫ್ ಕಾಯಿ ಎಂದು ಹೆಸರು. ಅದನ್ನು ಕಂಡಲ್ಲೇ ಹರಿದು ಹಾಕಬೇಕು. ಒಂದು ಉಳಿದರೂ ಬೀಜ ಬೆರಕೆಯಾಗಿ ಇಡೀ ಪ್ಲಾಟು ಫೇಲ್. ಇಪ್ಪತ್ತು ವರ್ಷದಿಂದ ನಾನು ಹೂವು ಮುಟ್ಟಿಸುತ್ತ, ಸೆಲ್ಫ್ ಕಾಯಿ ಹರಿಯುತ್ತ, ಹರಿಯದವರನ್ನು ಬೈಯುತ್ತ ಬಂದವಳು. ಬೈಯುವುದರಲ್ಲಿ ನನಗೆ ಸುತ್ತಿನ ನಾಲ್ಕು ತಾಲೂಕಿನಲ್ಲಿ ಹೆಸರಿದೆ.

ಅಫ್ಘಾನಿಸ್ತಾನದ ಒಂದು ಹಳ್ಳಿಯ ಹೆಂಗಸರಿಗೆ ಈ ಕೆಲಸ ಕಲಿಸಬೇಕು, ಕಲಿಸುವವರೂ ಹೆಂಗಸರೇ ಆಗಬೇಕು ಎಂದು ಒಂದು ಸಂಸ್ಥೆಯವರು ಹುಡುಕಿಕೊಂಡು ಬಂದರು. ಹಿರೇಬೆಂಡಿಗೇರಿಯ ಸೌತೆ ಪ್ಲಾಟಿನಲ್ಲಿ ನನ್ನ ಜೊತೆಗಿದ್ದ ಶಮಶಾದ್ ಕೂಡ ಒಪ್ಪಿದಳು. ಆಕೆ ಸವಣೂರಿನ ಎಲೆಬಳ್ಳಿ ತೋಟದ ಮನೆಯವಳು, ಕೃಷಿ ಡಿಪ್ಲೊಮಾ ಓದಿದವಳು. ಮನೆಮಾತು ಉರ್ದು. ನನಗೂ ಸವಣೂರ ಸಂತೆಯಲ್ಲಿ ಜಗಳ ಆಡುವಷ್ಟು ಉರ್ದು ಬರುತ್ತದೆ.

ಅದು ಅಲ್ಲಿ ವಿದೇಶಿ ಸೈನ್ಯ ಇನ್ನೂ ಇದ್ದ ಕಾಲ. ಭಯೋತ್ಪಾದಕರು ಅಮೆರಿಕದ ಎರಡು ಎತ್ತರದ ಕಟ್ಟಡಗಳಿಗೆ ವಿಮಾನ ನುಗ್ಗಿಸಿದ್ದು, ಅದಾದ ಮೇಲೆ ಆ ಸೈನ್ಯ ಅಫ್ಘಾನಿಸ್ತಾನಕ್ಕೆ ಇಳಿದದ್ದು, ಊರುಗಳ ಮೇಲೆ ಬಾಂಬು ಬಿದ್ದದ್ದು, ಕೊನೆಗೆ ಲೋಕದ ದೇಶಗಳೆಲ್ಲ ಸೇರಿ ಬಿದ್ದದ್ದನ್ನು ಕಟ್ಟಿಕೊಡುತ್ತೇವೆ ಎಂದು ಹೊರಟದ್ದು ನಿಮಗೆಲ್ಲ ಗೊತ್ತು. ಆ ಕಟ್ಟಿಕೊಡುವವರ ದಂಡಿನ ಬಾಲದಲ್ಲಿ ಹೂವು ಬಿಡಿಸುವ ಚಿಮಟ ಹಿಡಿದುಕೊಂಡು ನಾವಿಬ್ಬರೂ ಇದ್ದೆವು. ಈಗ ಆ ಸೈನ್ಯ ಹೋಗಿದೆ, ಆಳುವವರು ಬದಲಾಗಿದ್ದಾರೆ, ಹೆಂಗಸರಿಗೆ ಅಂಥ ತರಬೇತಿ ಅಲ್ಲಿ ನಡೆಯುವುದಿಲ್ಲ.

ನಾನು ಹಾನಗಲ್ ಬಸ್ಸಿನಲ್ಲಿ ಬಂದು ಶಿಗ್ಗಾಂವದ ಹೈವೇ ಮೇಲೆ ಇಳಿದಾಗ ಶಮಶಾದ್ ಅಪ್ಪನ ಜೊತೆ ಕಾಯುತ್ತಿದ್ದಳು. ಅವರು ನನ್ನ ಕೈಗೆ ಸವಣೂರ ಖಾರ ಎಂಬ ಹೆಸರಾದ ಕುರುಕು ತಿಂಡಿಯ ಆರು ಪೊಟ್ಟಣ ಕೊಟ್ಟರು. "ಬಾಯಾರ, ಅಲ್ಲಿ ಎಲ್ಲಾ ಗೋಷ್ತ್‌ನ ಊಟ. ನಿಮಗೇನೂ ಸಿಗೂದಿಲ್ಲ. ಇದರ ಮ್ಯಾಲ ಜೀವಾ ಹಿಡೀರಿ" ಎಂದರು. ಹುಬ್ಬಳ್ಳಿಯ ತನಕ ಶಮಶಾದ್ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ, ವಾಂತಿ ಬಂತು.

ಕಾಬೂಲ್ ವಿಮಾನ ನಿಲ್ದಾಣ

ದಿಲ್ಲಿಯಿಂದ ಕಾಬೂಲಿಗೆ ಬಂದು, ಅಲ್ಲಿಂದ ಉತ್ತರದ ಮಜಾರ್ ಎಂಬ ಪಟ್ಟಣಕ್ಕೆ ಇನ್ನೊಂದು ವಿಮಾನ ಹತ್ತಬೇಕಿತ್ತು. ಚೀಲಗಳನ್ನು ಮೂರು ಕಡೆ ಬಿಚ್ಚಿಸಿದರು. ಮೂರನೆಯ ಕಡೆ ಒಬ್ಬ ಸಿಪಾಯಿಗೆ ನನ್ನ ಸ್ಟೀಲ್ ಡಬ್ಬಿ ಸಿಕ್ಕಿತು. ಅದರಲ್ಲಿ ಇಪ್ಪತ್ತು ಚಿಮಟ, ಕೆಂಪು ಹಳದಿ ನೀಲಿ ದಾರದ ಉಂಡೆ, ಸಣ್ಣ ತಂತಿಯ ತುಂಡುಗಳು ಇದ್ದವು. ಆತ ಒಂದು ತಂತಿ ಎತ್ತಿ ಹಿಡಿದ. ನಮ್ಮ ಹಿಂದಿನ ಸಾಲಿನಲ್ಲಿದ್ದವರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದರು. ಬಾಂಬು ಕಂಡ ಜನಕ್ಕೆ ಬಣ್ಣದ ದಾರ, ತಂತಿ ಒಟ್ಟಿಗೆ ಕಂಡರೆ ಏನನ್ನಿಸುತ್ತದೆ ಎಂಬುದು ಹಿರೇಕೆರೂರಿನಲ್ಲಿ ಚೀಲ ಕಟ್ಟುವಾಗ ನನಗೆ ಹೊಳೆದಿರಲಿಲ್ಲ.

"ಇದು ಹೂವಿಗೆ" ಎಂದಳು ಶಮಶಾದ್ ಉರ್ದುವಿನಲ್ಲಿ.

"ತಂತಿ ಬೇಕಾಗುವ ಹೂವು ಯಾವುದು?" ಎಂದ ಸಿಪಾಯಿ.

ಅವನ ಮೇಜಿನ ಮೇಲೆ ಒಂದು ಬಾಟಲಿಯಲ್ಲಿ ಪ್ಲಾಸ್ಟಿಕ್ ಗುಲಾಬಿ ಇತ್ತು. ನಾನು ಅದನ್ನೇ ಎಳೆದುಕೊಂಡೆ. ಚಿಮಟದಿಂದ ಎಸಳು ಬಿಡಿಸಿದೆ, ಜೇನುಹುಳ ಮುಟ್ಟದಂತೆ ಹಾಕುವ ಕಾಗದದ ಟೊಪ್ಪಿಗೆ ಹಾಕಿದೆ, ತಂತಿ ತಿರುವಿ ಮುಚ್ಚಿದೆ, ಗುರುತಿಗೆ ಕೆಂಪು ದಾರ ಕಟ್ಟಿದೆ. ಅಷ್ಟರಲ್ಲಿ ಐದಾರು ಸಿಪಾಯಿಗಳು ಸುತ್ತ ನಿಂತಿದ್ದರು. ಅವರಲ್ಲಿ ಹಿರಿಯನಾದವನು ಬಹಳ ಗಂಭೀರವಾಗಿ, ಇನ್ನು ಎಷ್ಟು ದಿನಕ್ಕೆ ಕಾಯಿ ಬಿಡುತ್ತದೆ ಎಂದು ಕೇಳಿದ. ಆಮೇಲೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಡಬ್ಬಿ ವಾಪಸ್ಸು ಕೊಟ್ಟರು, ಖಾರದ ಪೊಟ್ಟಣ ಒಂದನ್ನು ಇಟ್ಟುಕೊಂಡರು. ನಾವು ವಿಮಾನ ಹತ್ತುವವರೆಗೂ ಅಲ್ಲಿ ಯಾರೋ ಕೆಮ್ಮುತ್ತಿರುವುದು ಕೇಳುತ್ತಿತ್ತು.

ಬೋರ್ಡುಗಳ ಊರು

ಮಜಾರ್‌ನಿಂದ ಹಳ್ಳಿಗೆ ಒಂದು ತಾಸಿನ ದಾರಿ. ಎರಡೂ ಕಡೆ ಬೋಳು ನೆಲ, ನಡುವೆ ಕಾಲುವೆ ಹರಿದಲ್ಲಿ ಮಾತ್ರ ಗಾಢ ಹಸಿರು. ಮನೆಗಳೆಲ್ಲ ಮಣ್ಣಿನವು, ಎತ್ತರದ ಮಣ್ಣಿನ ಗೋಡೆಯೊಳಗೆ ಇರುವಂಥವು. ನಮ್ಮಲ್ಲಿ ಹೊಲದಲ್ಲಿ ಬಗ್ಗಿದ ಹೆಂಗಸರನ್ನು ಬಸ್ಸಿನಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಅಲ್ಲಿ ತೋಟಕ್ಕೂ ಗೋಡೆ. ಹೆಂಗಸರು ಅದರೊಳಗೆ ತಮ್ಮ ಪಾಡಿಗೆ ಹಾಡುತ್ತ ಕೆಲಸ ಮಾಡುತ್ತಾರೆ.

ಊರ ತುಂಬ ಬೋರ್ಡು. ಶಾಲೆಯನ್ನು ಒಂದು ದೇಶ ಕಟ್ಟಿತ್ತು, ಸೇತುವೆಯನ್ನು ಇನ್ನೊಂದು, ಕೈಪಂಪನ್ನು ಮತ್ತೊಂದು. ಎಲ್ಲದರ ಮುಂದೂ ಆಯಾ ದೇಶದ ಬಾವುಟ ಬರೆದ ತಗಡಿನ ಬೋರ್ಡು. ನಮ್ಮಲ್ಲಿ ಬೋರ್‌ವೆಲ್ಲಿಗೆ ಬೋರ್ಡು ಹಾಕಿಸುವವರು ನೆನಪಾಗಿ ನನಗೆ ನಗು ಬಂತು. ಅವರಿಗೂ ಇವರಿಗೂ ಬಣ್ಣ ಬಳಿದವನು ಒಬ್ಬನೇ ಇರಬೇಕು.

ಶಾಲೆಯ ಕಟ್ಟಡ ಚೆನ್ನಾಗಿತ್ತು. ಆದರೆ ಕಿಟಕಿಗಳಿಗೆಲ್ಲ ಒಳಗಿನಿಂದ ಸುಣ್ಣ ಬಳಿದಿದ್ದರು. ಯಾಕೆ ಎಂದು ಡ್ರೈವರನನ್ನು ಕೇಳಿದೆ, ಊರಲ್ಲಿ ಸಿಕ್ಕ ಹೆಂಗಸರನ್ನೂ ಕೇಳಿದೆ. ಎಂಜಿನಿಯರು ಗಾಳಿ ಬೆಳಕು ಬರಲಿ ಎಂದು ದೊಡ್ಡ ಕಿಟಕಿ ಇಟ್ಟಿದ್ದನಂತೆ. ಮಹಡಿಯ ಆ ಕಿಟಕಿಗಳಿಂದ ಸುತ್ತಲಿನ ಹತ್ತು ಮನೆಗಳ ಅಂಗಳ ಕಾಣುತ್ತಿತ್ತು. ಹೆಂಗಸರು ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಕೊನೆಗೆ ಊರವರು ಕಿಟಕಿಗೆ ಸುಣ್ಣ ಬಳಿದರು. ಮಕ್ಕಳು ಹಾಡಹಗಲೇ ದೀಪ ಹಚ್ಚಿಕೊಂಡು ಓದುತ್ತಾರೆ. ನಮ್ಮ ಕಡೆ ಒಂದು ಊರಲ್ಲಿ ಬಸ್ ತಂಗುದಾಣವನ್ನು ರಸ್ತೆಯ ಆಚೆ ಕಟ್ಟಿ, ಜನ ಈಚೆಯ ಹುಣಸೆ ಮರದ ಕೆಳಗೇ ನಿಲ್ಲುವುದನ್ನು ನಾನು ನೋಡಿದ್ದೇನೆ. ಕಟ್ಟುವವರು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು ಎಂದು ಶಮಶಾದ್‌ಗೆ ಭಾಷಣ ಮಾಡಿದೆ. ಬಹಳ ಜೋರಾಗಿಯೇ ಮಾಡಿದೆ.

ಖಾಲಾಳ ತೋಟ

ತರಬೇತಿಯ ತೋಟ ಬೀಬಿಗುಲ್ ಎಂಬ ಮುದುಕಿಯದು. ಎತ್ತರದ ಹೆಂಗಸು, ಮೂಗು ಚೂಪು, ಅಂಗೈ ಸೌದೆಯಷ್ಟು ಗಟ್ಟಿ. ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆದೆವು. ಯುದ್ಧದ ವರ್ಷಗಳಲ್ಲಿ ಗಂಡ ಮಕ್ಕಳೊಂದಿಗೆ ಪಾಕಿಸ್ತಾನದ ಪೇಶಾವರದಲ್ಲಿ ನಿರಾಶ್ರಿತರ ಡೇರೆಗಳಲ್ಲಿ ಇದ್ದು ಬಂದವಳಾದ್ದರಿಂದ ಉರ್ದು ಚೆನ್ನಾಗಿ ಬರುತ್ತಿತ್ತು. ಹಾಗೆ ಹೋಗಿಬಂದ ಉಳಿದ ಹೆಂಗಸರಿಗೂ ಅಷ್ಟಿಷ್ಟು ಬರುತ್ತಿತ್ತು. ಆಕೆಯ ಉರ್ದು ನನ್ನ ಕಿವಿಗೆ ನಮ್ಮ ಊರ ಕಡೆಯ ಮಾತಿನಂತೆಯೇ ಬಿದ್ದದ್ದರಿಂದ ಇಲ್ಲಿ ಹಾಗೇ ಬರೆಯುತ್ತೇನೆ.

ಹೊಸಬರು ಸಿಕ್ಕರೆ ನಾವು ಯಾವ ಊರು, ಯಾರ ಮನಿಯವರು ಎನ್ನುತ್ತೇವೆ. ಅಲ್ಲಿನ ಹೆಂಗಸರು ಮೊದಲು ಕೇಳಿದ್ದು, "ನಿಮ್ಮ ಮನ್ಯಾಗ ಎಷ್ಟ ಮಂದಿ ಉಳದೀರಿ?" ಎಂದು. ಎಲ್ಲರೂ ಇದ್ದೇವೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡು, ನನ್ನ ಅದೃಷ್ಟಕ್ಕೆ ನೆಟಿಗೆ ಮುರಿದರು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಮಾತ್ರ ಆ ಅದೃಷ್ಟದ ಬಗ್ಗೆ ಅನುಮಾನ ಬಂತು. ಯಾವ ರೋಗ, ವೈದ್ಯರು ಏನಂದರು ಎಂದು ವಿಚಾರಿಸಿದರು. ಶಮಶಾದ್ ಕಬಾಬ್ ಜಗಿಯುತ್ತ, "ಅಕ್ಕಾರಿಗೆ ಜಡ್ಡೇನಿಲ್ಲ, ಹಟ" ಎಂದು ಸಮಜಾಯಿಷಿ ಕೊಟ್ಟಳು. ಮರುದಿನದಿಂದ ಖಾಲಾ ನನಗಾಗಿ ಆಲೂಗಡ್ಡೆ ತುಂಬಿದ ರೊಟ್ಟಿ ಮಾಡಿಸಿ ಕಳಿಸತೊಡಗಿದಳು.

ಮೊದಲ ದಿನ ಆಕೆ ತೋಟ ತೋರಿಸಿದಳು. ತರಬೇತಿಗೆಂದು ಬೀಜದ ಕಂಪನಿಯ ಸೌತೆ, ಕಂಪನಿಯ ಕರಬೂಜದ ಸಾಲುಗಳನ್ನು ಹಾಕಿದ್ದರು. ಕೊನೆಯ ಸಾಲಿನ ಹತ್ತಿರ ನಿಂತು ಆಕೆ ಶಮಶಾದ್‌ಗೆ ಬಹಳ ಹೊತ್ತು ಏನೋ ಹೇಳುತ್ತಿದ್ದಳು. ನಾನು ಗೋಡೆಯ ಆಚೆಗೆ ಕಾಣುತ್ತಿದ್ದ ಆ ಸುಣ್ಣದ ಕಿಟಕಿಗಳನ್ನು ನೋಡುತ್ತ, ಪಕ್ಕದ ಹೆಂಗಸಿಗೆ ಇನ್ನೇನೋ ಕೇಳುತ್ತಿದ್ದೆ. ವಾಪಸ್ಸು ಬರುವಾಗ ಶಮಶಾದ್, "ಅಕ್ಕಾರ, ಆ ಕಡೀ ಸಾಲು ಖಾಲಾಂದು" ಎಂದಳು. ಎಲ್ಲ ಸಾಲೂ ಖಾಲಾದೇ ಅಲ್ಲವೇ ಎಂದುಕೊಂಡು ಹೂಂ ಅಂದೆ.

ನಾಲ್ಕನೆಯ ಬೆಳಿಗ್ಗೆ

ನಾಲ್ಕನೆಯ ದಿನ ಶಮಶಾದ್‌ಗೆ ಕಬಾಬ್ ಕೈಕೊಟ್ಟಿತು. ಹೊಟ್ಟೆ ಹಿಡಿದುಕೊಂಡು ಮಲಗಿದ್ದವಳಿಗೆ ನಾಲ್ಕು ಮಾತು ಅಂದು, ನಾನೊಬ್ಬಳೇ ಬೆಳಗಾಗುತ್ತಲೇ ತೋಟಕ್ಕೆ ಹೋದೆ. ಮರುದಿನದಿಂದ ಕ್ರಾಸಿಂಗ್ ಶುರು. ಅದಕ್ಕೆ ಮೊದಲು ಎಲ್ಲ ಬಳ್ಳಿಗಳಿಂದ ಅರಳಿದ ಹೂವು, ತಾನಾಗಿ ಕಟ್ಟಿದ ಕಾಯಿ ಎಲ್ಲ ತೆಗೆದು ಸಾಲು ಶುದ್ಧ ಮಾಡಬೇಕು. ಹೆಂಗಸರು ಬರುವುದರೊಳಗೆ ಮುಗಿಸಿ, ಹಿರೇಕೆರೂರಿನವರ ಕೈ ಎಂಥದ್ದು ಎಂದು ತೋರಿಸಬೇಕು ಅನ್ನಿಸಿತು.

ಕೈ ತಾನಾಗಿ ಓಡಿತು. ಈ ಸಾಲು, ಆ ಸಾಲು. ಕೊನೆಯ ಸಾಲಿನಲ್ಲಿ ನಾಲ್ಕೇ ಬಳ್ಳಿ ಇದ್ದವು, ಆದರೆ ಕಾಯಿ ಮಾತ್ರ ಸೊಂಪಾಗಿ ಕಟ್ಟಿದ್ದವು. ನಿಂಬೆಹಣ್ಣಿನಷ್ಟು, ಕೋಳಿಮೊಟ್ಟೆಯಷ್ಟು ದೊಡ್ಡವು. ಒಂದನ್ನೂ ಬಿಡಲಿಲ್ಲ. ನಮ್ಮಲ್ಲಿ ಹರಿದ ಸೆಲ್ಫ್ ಕಾಯಿಗಳನ್ನು ಸಾಲಿನ ತಲೆಗೆ ಗುಡ್ಡೆ ಹಾಕುವ ಪದ್ಧತಿ. ಕೆಲಸ ಎಷ್ಟಾಯಿತು ಎಂಬುದಕ್ಕೆ ಅದೇ ಲೆಕ್ಕ. ಹಾಗೇ ನೀಟಾಗಿ ಗುಡ್ಡೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಭೇಷ್ ಅನ್ನಿಸಿಕೊಳ್ಳಲು ಕಾಯುತ್ತ ನಿಂತೆ.

ಖಾಲಾ ಬಂದಳು. ಕೊನೆಯ ಸಾಲಿನ ಗುಡ್ಡೆ ನೋಡಿದಳು. ಹಾಗೇ ಕುಕ್ಕರಗಾಲಲ್ಲಿ ಕುಳಿತು ಒಂದು ಕಾಯಿ ಒಡೆದಳು. ಬೀಜ ಇನ್ನೂ ನೀರು ನೀರಾಗಿತ್ತು. ಇನ್ನೊಂದು ಒಡೆದಳು. ಎಲ್ಲವನ್ನೂ ಒಡೆದು ನೋಡಿ, ಓಢಣಿಯಲ್ಲಿ ಕಟ್ಟಿಕೊಂಡು ಎದ್ದು ಹೋದಳು. ಉಳಿದ ಹೆಂಗಸರು ಬಂದವರು ನನ್ನ ಮುಖ ನೋಡಲಿಲ್ಲ. ಏನೋ ದೊಡ್ಡ ಅನಾಹುತ ಆಗಿದೆ ಎಂದಷ್ಟೇ ತಿಳಿಯಿತು. ಏನೆಂದು ತಿಳಿಯಲಿಲ್ಲ.

ಓಡಿ ಬಂದು ಶಮಶಾದ್‌ಳನ್ನು ಎಬ್ಬಿಸಿದೆ. ಆಕೆ ಎದ್ದು ಕುಳಿತು ತಲೆ ಚಚ್ಚಿಕೊಂಡಳು. "ಅಯ್ಯ ಅಕ್ಕಾರ, ಹೇಳಿದ್ನಲ್ಲ ನಿಮಗ! ಅದು ಕಂಪನೀದಲ್ಲ. ಅವರ ಅತ್ತಿ ಉಳಸಿದ್ದ ಬೀಜ. ಏಳ ಬೀಜ ಉಳದಿದ್ವಂತ, ಏಳೂ ಬಿತ್ಯಾರ. ನಾಕ ಹುಟ್ಟ್ಯಾವು. ಕೇಳಿ ಹರೀಬೇಕಿತ್ತಲ್ರೀ!"

ಆಮೇಲೆ ಪೂರ್ತಿ ಕಥೆ ಹೇಳಿದಳು. ಆ ಕರಬೂಜ ಬೇರೆ ಎಲ್ಲೂ ಇಲ್ಲ. ಹೆಸರೂ ಇಲ್ಲ, ಮನೆಯಲ್ಲಿ 'ನಮ್ಮ ಹಣ್ಣು' ಅನ್ನುತ್ತಿದ್ದರಂತೆ. ಖಾಲಾ ಪೇಶಾವರದಲ್ಲಿದ್ದಾಗ ಅತ್ತೆ ಊರು ಬಿಡದೆ ಪ್ರತಿ ವರ್ಷ ಬಿತ್ತಿ ಬೀಜ ಉಳಿಸಿದ್ದಳು. ವಿಮಾನಗಳು ಬಾಂಬು ಹಾಕಿದ ಚಳಿಗಾಲದಲ್ಲಿ ಮನೆ ಬಿತ್ತು, ಅತ್ತೆ ಅದರಡಿ ಹೋದಳು. ಮರುವರ್ಷ ಖಾಲಾ ತಿರುಗಿ ಬಂದಾಗ ನಿಂತಿದ್ದ ಒಂದೇ ಗೋಡೆಯ ಗೂಡಿನಲ್ಲಿ ಬೀಜದ ಗಂಟು ಸಿಕ್ಕಿತು. ಆಮೇಲೆ ಪುಕ್ಕಟೆ ಬೀಜ ಹಂಚುವವರು ಬಂದರು, ಊರೆಲ್ಲ ಅದನ್ನೇ ಬಿತ್ತಿತು. ಖಾಲಾಳ ಬಳ್ಳಿಗಳಿಗೆ ಎರಡು ವರ್ಷ ಸೊರಗು ರೋಗ ಬಂತು. ಉಳಿದ ಏಳು ಬೀಜ ಹಳೆಯವು, ಇನ್ನೊಂದು ವರ್ಷ ಇಟ್ಟರೆ ಸತ್ತೇ ಹೋಗುತ್ತವೆ ಎಂದು ಈ ಸಲ ಎಲ್ಲವನ್ನೂ ನೆಲಕ್ಕೆ ಹಾಕಿದ್ದಳು. ಗಂಟಿನಲ್ಲಿ ಈಗ ಒಂದೂ ಇರಲಿಲ್ಲ.

ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಮೂರು ದಿನದ ಹಿಂದೆ ಕಿಟಕಿಯ ಬಗ್ಗೆ ನಾನೇ ಮಾಡಿದ ಭಾಷಣ ನೆನಪಾಗಿ ಇನ್ನೂ ಹೆಚ್ಚು ಅತ್ತೆ.

ಕೋಪದ ಚಹಾ

ಮರುದಿನ ಖಾಲಾಳ ಮನೆಗೆ ಹೋದೆವು. ಬಾಗಿಲಿಗೆ ಬಂದವರು ಎಂಥ ವೈರಿಯಾದರೂ ಚಹಾ ಕೊಡಬೇಕು ಎಂಬುದು ಆ ನಾಡಿನ ಕಟ್ಟಳೆ. ಖಾಲಾ ಕೊಟ್ಟಳು. ಯಾವಾಗಲೂ ಜೊತೆಗೆ ಇಡುವ ಒಣದ್ರಾಕ್ಷಿ, ಬಾದಾಮಿ ಇಡಲಿಲ್ಲ. ನಾನು ಲೋಟ ಖಾಲಿ ಮಾಡಿದೆ, ಆಕೆ ತುಂಬಿದಳು. ಕೊಟ್ಟದ್ದನ್ನು ಬಿಟ್ಟರೆ ಇನ್ನಷ್ಟು ಸಿಟ್ಟಾದಾಳು ಎಂದು ನಾನು ಮತ್ತೆ ಕುಡಿದೆ, ಆಕೆ ಮತ್ತೆ ತುಂಬಿದಳು. ಆರನೆಯ ಲೋಟಕ್ಕೆ ಶಮಶಾದ್ ನನ್ನ ತೊಡೆ ಚಿವುಟಿ, "ಅಕ್ಕಾರ, ಸಾಕಾದ್ರ ಲೋಟಾ ಡಬ್ ಹಾಕ್ರೀ. ಇಲ್ಲಾಂದ್ರ ಸಂಜೀತನಾ ಸುರೀತಾರ" ಎಂದು ಪಿಸುಗುಟ್ಟಿದಳು. ಲೋಟ ಬೋರಲು ಹಾಕಿದೆ.

ಆಗ ಮಾತು ತೆಗೆದೆ. ರಾತ್ರಿಯೆಲ್ಲ ಯೋಚಿಸಿ ಒಂದು ಸಮಾಧಾನ ಹುಡುಕಿಕೊಂಡು ಹೋಗಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

"ಖಾಲಾ, ಬಾಜೂಕನ ಕಂಪನಿ ಕರಬೂಜ ಐತಿ. ಜೇನುಹುಳ ಅದರ ಪುಡಿ ತಂದು ನಿಮ್ಮ ಹೂವಿಗೆ ಮುಟ್ಟಿಸಿರತಾವು. ಆ ಕಾಯಿ ಉಳದಿದ್ರೂ ಅದರ ಬೀಜ ಬೆರಕಿನ ಆಗತಿತ್ತು. ಈಗ ಹೊಸಾ ಮೊಗ್ಗಿಗೆ ನಾ ಟೊಪ್ಪಿಗಿ ಹಾಕಿ, ಶುದ್ಧ ಬೀಜ ಮಾಡಿಕೊಡ್ತೇನಿ. ಮೊದಲಿಗಿಂತ ಚಲೋ ಆಗ್ತ..."

ಖಾಲಾ ಕೈ ಎತ್ತಿದಳು. ಆಕೆಯ ದನಿ ಜೋರಿರಲಿಲ್ಲ.

"ಎಲ್ಲೋ ದೂರದ ಊರಾಗ ಮನಿ ಬಿದ್ವಂತ. ಆ ಊರಿನ ಹೆಸರು ನಾವು ಕೇಳಿದ್ದಿಲ್ಲ. ಅದಕ್ಕ ನಮ್ಮ ಮನಿ ಬೀಳಿಸಿದ್ರು. ಮೊದಲ ಆಳತಿದ್ದವರೇನೂ ಚಲೋರಿದ್ದಿಲ್ಲ, ಹೋಗಿದ್ದು ಚಲೋನ ಆತು. ಆದ್ರ ಆಮ್ಯಾಲ ಬಂದವರು ಏನಂದ್ರು ಗೊತ್ತೈತೇನು? ನಿಮ್ಮ ಮಕ್ಕಳ ಸಾಲಿ ಮಣ್ಣಿಂದಿತ್ತು, ನಾವು ಸಿಮೆಂಟಿಂದು ಕಟ್ಟೇವಿ. ನಿಮ್ಮ ಬೀಜ ಸಣ್ಣದಿತ್ತು, ನಾವು ಚಲೋದು ಕೊಟ್ಟೇವಿ. ಮೊದಲಿಗಿಂತ ಚಲೋ ಆತು, ಮೊದಲಿಗಿಂತ ಚಲೋ ಆತು. ಎಲ್ಲಾರೂ ಅದನ್ನ ಅಂದ್ರು. ನನ್ನ ಅತ್ತಿ ಸತ್ತಿದ್ದಕ್ಕ ತಪ್ಪಾತು ಅಂತ ಒಬ್ಬರೂ ಅನಲಿಲ್ಲ. ನೀ ಹೂವಿನಾಕಿ, ನೀನರ ಅಂತೀ ಅಂದ್ಕೊಂಡಿದ್ದೆ."

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಕ್ಷಮೆ ಕೇಳಲೆಂದೇ ಬಂದಿದ್ದೆ, ಆರು ಲೋಟ ಚಹಾ ಕುಡಿದಿದ್ದೆ, ಆ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟು ಹೆಂಗಸರನ್ನು ಬೈದಿದ್ದೇನೆ, ಯಾರಿಗೂ ಅದನ್ನು ಹೇಳಿ ಅಭ್ಯಾಸವಿರಲಿಲ್ಲ.

"ತಪ್ಪಾತು ಖಾಲಾ," ಎಂದೆ. "ನಿಮ್ಮನ್ನ ಕೇಳಲಿಲ್ಲ. ತಪ್ಪಾತು."

ಆಕೆ ಕಿಟಲಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಒಳಗೆ ಹೋಗಿ ಒಣದ್ರಾಕ್ಷಿಯ ತಟ್ಟೆ ತಂದು ನಡುವೆ ಇಟ್ಟಳು. "ಆ ಟೊಪ್ಪಿಗಿ ಹೆಂಗ ಹಾಕೂದು, ನನಗ ಕಲಸು" ಎಂದಳು.

ಟೊಪ್ಪಿಗೆ

ಬಳ್ಳಿಗಳಲ್ಲಿ ಹೊಸ ಮೊಗ್ಗು ಬರಲು ಐದು ದಿನ ಬೇಕಾಯಿತು. ಅಷ್ಟೂ ದಿನ ನಾನು ಉಳಿದ ಹೆಂಗಸರಿಗೆ ಕ್ರಾಸಿಂಗ್ ಕಲಿಸುತ್ತಿದ್ದರೂ ಕಣ್ಣು ಕೊನೆಯ ಸಾಲಿನ ಮೇಲೇ. ತಡವಾದರೆ ಬಿಸಿಗಾಳಿ ಶುರುವಾಗುತ್ತದೆ, ಆಮೇಲೆ ಹೂವು ನಿಲ್ಲುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಒಂದೇ ಒಂದು ಕಾಯಿ ನಿಂತರೂ ಸಾಕು ಎಂದು ಊರ ದೇವರನ್ನೆಲ್ಲ ನೆನೆದೆ. ಶಮಶಾದ್ ತನ್ನ ನಮಾಜಿನಲ್ಲಿ ಅದನ್ನೇ ಕೇಳುತ್ತಿದ್ದಳು.

ಕೊನೆಗೂ ಒಂದು ಸಂಜೆ, ಮರುದಿನ ಅರಳುವಂಥ ನಾಲ್ಕು ಹೆಣ್ಣು ಮೊಗ್ಗು ಕಂಡವು. ಅದೇ ಬಳ್ಳಿಗಳಲ್ಲಿ ಗಂಡು ಮೊಗ್ಗುಗಳೂ ಇದ್ದವು. ಜೇನುಹುಳ ಒಳಗೆ ಹೋಗದಂತೆ ಎಲ್ಲಕ್ಕೂ ಕಾಗದದ ಟೊಪ್ಪಿಗೆ ಹಾಕಿದೆವು. ಬೆಳಿಗ್ಗೆ ಟೊಪ್ಪಿಗೆ ತೆಗೆದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಿ ಮತ್ತೆ ಮುಚ್ಚಬೇಕು. ಮೂರನ್ನು ನಾನು ಮಾಡಿ ತೋರಿಸಿದೆ. ಖಾಲಾ ಉಸಿರು ಹಿಡಿದು ನೋಡಿದಳು. ನಾಲ್ಕನೆಯದಕ್ಕೆ ನಾನು ಕೈ ಹಾಕುವಾಗ ತಡೆದು, "ಇದು ನಂದು" ಎಂದಳು.

ಅಯ್ಯೋ ಶಿವನೇ, ಆಕೆ ಮಾಡಿದ ರೀತಿ! ಚಿಮಟ ಹಿಡಿಯಲು ಬರಲಿಲ್ಲ, ಬಿಸಾಕಿದಳು. ಆ ಸೌದೆಯಂಥ ಬೆರಳಿನಲ್ಲಿ ಹೆಣ್ಣು ಹೂವಿನ ಒಂದು ಎಸಳು ಕಿತ್ತು ಬಂತು. ಗಂಡು ಹೂವನ್ನು ತಿಕ್ಕಿದ್ದು ಪಾತ್ರೆ ತಿಕ್ಕಿದ ಹಾಗೆ. ನಮ್ಮ ಪ್ಲಾಟಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ನನ್ನ ಕೈ ಅರಿವಿಲ್ಲದೆ ಮುಂದೆ ಹೋಯಿತು. ಖಾಲಾ ಪಟ್ ಎಂದು ಅದಕ್ಕೊಂದು ಏಟು ಕೊಟ್ಟಳು. ಸುತ್ತ ನಿಂತ ಹೆಂಗಸರೆಲ್ಲ ಗೊಳ್ ಎಂದು ನಕ್ಕರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅದಕ್ಕಿಂತ ಕಷ್ಟದ ಕೆಲಸವನ್ನು ನಾನು ಆ ದೇಶದಲ್ಲಿ ಮಾಡಲಿಲ್ಲ.

ಕೊನೆಯ ವಾರ

ಮೂರನೆಯ ದಿನ ನನ್ನದೊಂದು ಹಳದಿಯಾಗಿ ಉದುರಿತು. ಹೀಗೆ ಆಗುವುದುಂಟು ಎಂದು ಎಲ್ಲರಿಗೂ ವಿವರಿಸಿದೆ. ನಾಲ್ಕನೆಯ ದಿನ ಇನ್ನೊಂದು ಹೋಯಿತು. ಬಿಸಿಗಾಳಿ ಒಂದು ಮಧ್ಯಾಹ್ನ ಬೀಸಿ ನಿಂತಿತು, ಅದರ ಮರುದಿನ ನನ್ನ ಮೂರನೆಯದೂ ಬಿತ್ತು. ಆ ಮೇಲೆ ಬಂದ ಹೆಣ್ಣು ಮೊಗ್ಗುಗಳೆಲ್ಲ ಅರಳುವ ಮೊದಲೇ ಒಣಗಿದವು.

ಎಸಳು ಕಿತ್ತ, ತಿಕ್ಕಿ ತೊಳೆದ, ಯಾವ ಲೆಕ್ಕದಲ್ಲೂ ನಿಲ್ಲಬಾರದ ಆ ನಾಲ್ಕನೆಯದು ಮಾತ್ರ ಎಲೆಯ ಅಡಿಯಲ್ಲಿ ಅಕ್ರೋಡಿನಷ್ಟಾಗಿ ಗಟ್ಟಿ ಕುಳಿತಿತ್ತು. ಮೈಮೇಲೆ ಸಣ್ಣ ಬಿಳಿ ರೋಮ. ನನಗೆ ಕಾರಣ ಗೊತ್ತಿತ್ತು. ಬುಡದ ಹತ್ತಿರದ ಹೂವು, ನೀರು ಬೇಗ ಸಿಗುತ್ತದೆ, ಎಲೆಯ ನೆರಳು ಬೇರೆ. ಹೇಳಲು ಬಾಯಿ ತೆಗೆದೆ. ಖಾಲಾ ಅದರ ಮುಂದೆ ಕುಳಿತ ರೀತಿ ನೋಡಿ ಮುಚ್ಚಿಕೊಂಡೆ. ಶಮಶಾದ್ ಬೆರಗಾಗಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಹೊರಡುವ ದಿನ ಅದು ಮುಷ್ಟಿಗಾತ್ರವಾಗಿತ್ತು. ಹಣ್ಣಾಗಲು ಇನ್ನೂ ಒಂದು ತಿಂಗಳು ಬೇಕು. ಅಷ್ಟರಲ್ಲಿ ಹುಳ ಬೀಳಬಹುದು, ಆಡು ನುಗ್ಗಬಹುದು, ಸೊರಗು ರೋಗ ಮತ್ತೆ ಬರಬಹುದು. ಖಾಲಾ ಅದರ ಸುತ್ತ ಮುಳ್ಳು ನೆಟ್ಟಿದ್ದಳು, ಅಡಿಗೆ ಹುಲ್ಲು ಹಾಸಿದ್ದಳು. ಕಾರಿನವರೆಗೆ ಬಂದು ಶಮಶಾದ್‌ಳನ್ನು ಅಪ್ಪಿ ಮೂರು ಸಲ ಮುದ್ದಿಟ್ಟಳು. ನನ್ನನ್ನು ಅಪ್ಪುವ ಮೊದಲು ನನ್ನ ಎರಡೂ ಕೈ ಹಿಡಿದು ತಿರುವಿ ಮುರುವಿ ನೋಡಿದಳು. "ಕೈ ಕೆಟ್ಟದ್ದಲ್ಲ. ಅವಸರ ಭಾಳ" ಎಂದಳು.



ಹಿರೇಕೆರೂರು

ವಾಪಸ್ಸು ಬಂದ ಮೇಲೆ ಎಲ್ಲರೂ ಬಾಂಬು ಕಂಡೆಯಾ, ಬಂದೂಕು ಕಂಡೆಯಾ ಎಂದು ಕೇಳಿದರು. ಕಂಡಿದ್ದೆ. ಆದರೆ ನನ್ನ ತಲೆ ತುಂಬ ಇದ್ದದ್ದು ಒಂದು ಕಾಯಿ. ದಿನ ಎಣಿಸುತ್ತ, ಇವತ್ತು ಇಷ್ಟಾಗಿರಬೇಕು, ಬಣ್ಣ ತಿರುಗಿರಬೇಕು ಎಂದು ಅಕ್ಕನ ತಲೆ ತಿನ್ನುತ್ತಿದ್ದೆ.

ಒಂದೂವರೆ ತಿಂಗಳ ಮೇಲೆ, ಟೊಮೆಟೊ ಪ್ಲಾಟಿನಲ್ಲಿ ಸಾಲು ನೋಡುತ್ತಿದ್ದಾಗ ಸವಣೂರಿನಿಂದ ಶಮಶಾದ್ ಫೋನ್ ಮಾಡಿದಳು. ಖಾಲಾ ಇನ್ನೊಂದು ಫೋನಿನಲ್ಲಿದ್ದಾಳೆ, ಎರಡನ್ನೂ ಒಂದಕ್ಕೊಂದು ಹಿಡಿಯುತ್ತೇನೆ ಎಂದಳು. ಗೊರಗೊರ ಸದ್ದಿನ ನಡುವೆ ಆ ದನಿ ಕೇಳಿಸಿತು. ಮೊದಲು ನನ್ನ ಆರೋಗ್ಯ, ಅಕ್ಕನ ಆರೋಗ್ಯ, ನಮ್ಮ ಎಮ್ಮೆಯ ಆರೋಗ್ಯ ಎಲ್ಲ ಕೇಳಿದಳು. ಅಲ್ಲಿನ ರೀತಿಯೇ ಹಾಗೆ, ಅದೆಲ್ಲ ಮುಗಿಯದೆ ವಿಷಯಕ್ಕೆ ಬರುವುದಿಲ್ಲ. ನಾನು ಟೊಮೆಟೊ ಸಾಲಿನ ನಡುವೆ ನಿಂತು ಚಡಪಡಿಸುತ್ತಿದ್ದೆ.

"ಖಾಲಾ, ಹಣ್ಣು?" ಎಂದು ಕೊನೆಗೆ ಕೂಗಿಯೇಬಿಟ್ಟೆ.

"ನಿನ್ನಿ ಕೊಯ್ದೆ," ಎಂದಳು. "ಊರ ಹೆಂಗಸರನ್ನೆಲ್ಲಾ ಕರದೆ. ಒಬ್ಬೊಬ್ಬರಿಗೆ ಬೆರಳಿನಷ್ಟ ಬಂತು. ಅತ್ತಿ ಕಾಲದ ರುಚೀನ ಐತಿ."

ನನ್ನ ಚಾಳಿ ಬಿಡಬೇಕಲ್ಲ. "ಬೀಜ ಎಷ್ಟ ಬಂದ್ವು ಖಾಲಾ? ಎಣಿಸಿರೇನು?" ಎಂದು ಕೇಳಿದೆ.

ಆ ಕಡೆಯಿಂದ ನಗು ಕೇಳಿಸಿತು. ಖಾಲಾ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

"ಏಳಿದ್ದಾಗ ದಿನಾ ಎಣಿಸ್ತಿದ್ದೆ," ಎಂದಳು. "ಈಗ ಬೊಗಸಿ ತುಂಬೈತಿ. ಯಾಕ ಎಣಿಸ್ಲಿ?"